ಎಕ್ಸಲೇಟರ್ ವಯರ್ ಎಲ್ಲಿ ಹೋಯ್ತು?

ಇಲ್ಲಿ ಏನಾದರೂ ಬರೆದು ತುಂಬ ದಿನ ಆಯ್ತು. ಊರಿಗೆ ಹೋಗಿದ್ದೆ. ಊರು ಅಂದರೆ ತೆಕ್ಕಟ್ಟೆ. ಕುಂದಾಪುರದಿಂದ ಉಡುಪಿ ಕಡೆ ಹೊರಟು, ಕುಂಭಾಶಿಯಲ್ಲಿ ಆನೆಗುಡ್ಡೆ ಗಣಪತಿಗೆ ಬಸ್ಸಿನೊಳಗಿಂದಲೇ ಕೈ ಮುಗಿದು ಇಳಿಸುವಷ್ಟರಲ್ಲಿ ಬರುತ್ತದೆ. ಒಂಚೂರು ತೂಕಡಿಸಿದರೆ ಎಚ್ಚರ ಆಗುವುದು ಕೋಟದಲ್ಲಿ :)

ಆಸಾಡಿ ಮಳೆ. ಅಪ್ಪಯ್ಯನನ್ನು ಹೃದಯದ ತಪಾಸಣೆಗೆ ಮಣಿಪಾಲಕ್ಕೆ ಕರೆದುಕೊಂಡು ಹೊರಟಿದ್ದೆ. ಕೋಟ ದಾಟಿ ಸಾಲಿಗ್ರಾಮ ಇನ್ನೇನು ಬಂತು ಅನ್ನುವಾಗ ಕಾರು ಸಣ್ಣಗೆ ಒಮ್ಮೆ ಕುಲುಕಿತು. ಮುಂದೆ ಹಳದಿ ದೀಪ ಹತ್ತಿತು. ಎಕ್ಸಲೇಟರ್ ಎಷ್ಟು ತುಳಿದರೂ ಇಂಜಿನ್ನಿಗೆ ಅದು ಗೊತ್ತೇ ಆಗುತ್ತಿಲ್ಲ. ಹೆದ್ದಾರಿ ಮೇಲೆ ಎತ್ತಿನ ಗಾಡಿಯ ವೇಗದಲ್ಲಿ ನಾವು, ಹಿಂದೆ ಮೀನಿನ ಲಾರಿಗಳ ಹಾರನ್ನು. ಹಿಂದಿನ ಸೀಟಿನಿಂದ ಅಪ್ಪಯ್ಯ ಶಾಂತವಾಗಿ ಕೇಳಿದರು, "ಎಕ್ಸಲೇಟರ್ ವಯರ್ ಕಡ್ದ್ ಹೋಯ್ತಾ ಕಾಣ್ ಮಗಾ."

ಅಪ್ಪಯ್ಯ ಒಂದು ಕಾಲದಲ್ಲಿ ಬಾಡಿಗೆ ಕಾರು ಓಡಿಸಿದವರು. ಅವರ ಮಾತನ್ನು ತಳ್ಳಿ ಹಾಕುವ ಹಾಗಿಲ್ಲ. ಆದರೆ ಈ ಕಾರಿನಲ್ಲಿ ಆ ವಯರೇ ಇಲ್ಲ! ಕಾಲಿನ ಕೆಳಗಿರುವುದು ಒಂದು ಸ್ವಿಚ್ಚಿನಂಥದ್ದು. ಅದು ಕಂಪ್ಯೂಟರಿಗೆ ಅರ್ಜಿ ಕೊಡುತ್ತದೆ, ಕಂಪ್ಯೂಟರ್ ಮಂಜೂರು ಮಾಡಿದರೆ ಇಂಜಿನ್ನಿಗೆ ಗಾಳಿ. ಆವತ್ತು ಅರ್ಜಿ ತಿರಸ್ಕೃತ ಆಗಿತ್ತು ಅಷ್ಟೆ. ಮಣಿಪಾಲಕ್ಕೆ ಬೇರೆ ಗಾಡಿ ಮಾಡಿಕೊಂಡು ಹೋದೆವು. ತಪಾಸಣೆ ಸರಿಯಾಗೇ ಆಯ್ತು, ಅದು ಬೇರೆ ಮಾತು.

ಮರುದಿನ ಪೇಟೆಯ ವರ್ಕ್‌ಶಾಪೊಂದರಲ್ಲಿ ಸ್ಕ್ಯಾನರ್ ಹಾಕಿದರು. ಪಿ2135 ಅಂತ ಬಂತು. ಹುಡುಗ ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿ, ಥ್ರಾಟಲ್ ಬಾಡಿ ಹೋಗಿದೆ ಸರ್, ಹೊಸದಕ್ಕೆ ಎಲ್ಲ ಸೇರಿ 34,000 ಆಗ್ತದೆ ಅಂದ. ಅಷ್ಟು ಖಚಿತವಾಗಿ ಹೇಗೆ ಹೇಳ್ತೀರಿ ಅಂತ ಕೇಳಿದ್ದಕ್ಕೆ "ಕೋಡೇ ಹೇಳ್ತಿದೆಯಲ್ಲ ಸರ್" ಅಂದ. ಈ ಬರಹ ಹುಟ್ಟಿದ್ದು ಆ ಒಂದು ವಾಕ್ಯದಿಂದ. ಕೋಡು ನಿಜವಾಗಿ ಹಾಗೆ ಹೇಳ್ತಿದೆಯಾ? ಕಾರನ್ನು ಹಾಗೇ ಮನೆಗೆ ತಂದು ನಿಲ್ಲಿಸಿ, ನಾಲ್ಕು ದಿನ ಮಳೆ ನೋಡುತ್ತಾ ಇದರ ಹಿಂದೆ ಬಿದ್ದೆ.

ಥ್ರಾಟಲ್ ಅಂದರೆ ಇಂಗ್ಲಿಷಿನಲ್ಲಿ ಗಂಟಲು ಹಿಸುಕುವುದು. ಹೆಸರು ಸರಿಯಾಗೇ ಇದೆ. ಇಂಜಿನ್ನಿಗೆ ಗಾಳಿ ಹೋಗುವ ಕೊಳವೆಯ ಮಧ್ಯೆ ದುಂಡನೆಯ ಒಂದು ತಗಡು. ಅದು ಅಡ್ಡ ನಿಂತರೆ ಉಸಿರು ಕಟ್ಟುತ್ತದೆ, ನೆಟ್ಟಗೆ ತಿರುಗಿದರೆ ಪೂರ್ತಿ ಉಸಿರು. ಪೆಟ್ರೋಲ್ ಕಾರಿನ ವೇಗವೆಲ್ಲ ಈ ತಗಡು ಎಷ್ಟು ತಿರುಗಿದೆ ಅನ್ನುವುದರ ಮೇಲೆ. ಜೇಮ್ಸ್ ವಾಟ್ 1788ರಲ್ಲೇ ಉಗಿ ಯಂತ್ರಕ್ಕೆ ಗವರ್ನರ್ ಕಟ್ಟಿ, ವೇಗ ಹೆಚ್ಚಾದರೆ ತಾನಾಗಿ ಈ ಬಾಗಿಲು ಮುಚ್ಚಿಕೊಳ್ಳುವಂತೆ ಮಾಡಿದ್ದ. 1908ರ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಎಕ್ಸಲೇಟರ್ ಕಾಲಿನಲ್ಲಿ ಇರಲೇ ಇಲ್ಲ. ಸ್ಟೇರಿಂಗಿನ ಕೆಳಗಿನ ಸಣ್ಣ ಹಿಡಿಯನ್ನು ಕೈಯಲ್ಲಿ ಎಳೆಯಬೇಕಿತ್ತು.

ನಮ್ಮ ಕರಾವಳಿಗೆ ಮೋಟಾರು ಬಸ್ಸು ಬಂದದ್ದು 1914ರಲ್ಲಿ, ಮಂಗಳೂರಿನ ಸಿಪಿಸಿ ಕಂಪನಿಯ ಮೂಲಕ. 1943ರಲ್ಲಿ ವಿ. ಎಸ್. ಕುಡ್ವರು ಮಂಗಳೂರಿನಲ್ಲೇ ಕೆನರಾ ವರ್ಕ್‌ಶಾಪ್ಸ್ ಕಟ್ಟಿದರು, ಅಲ್ಲಿನ ಸ್ಪ್ರಿಂಗುಗಳು ಹೆಸರುವಾಸಿ. 1951ರಲ್ಲಿ ಬೆಂಗಳೂರಿಗೆ ಮೈಕೋ ಬಂತು (ಅದು ಬಾಷ್ ಲಿಮಿಟೆಡ್ ಅಂತ ಹೆಸರು ಬದಲಿಸಿಕೊಂಡದ್ದು 2008ರಲ್ಲಿ). ಇಷ್ಟೆಲ್ಲ ಆಗುವ ಹೊತ್ತಿಗೂ ಕಾಲು ಮತ್ತು ಆ ತಗಡಿನ ನಡುವೆ ಇದ್ದದ್ದು ಒಂದು ಸರಳೋ, ಒಂದು ಕೇಬಲ್ಲೋ. ಕೈಯಲ್ಲಿ ಮುಟ್ಟಬಹುದಾದ ಸಂಬಂಧ. ಕಡಿದರೆ ಕಣ್ಣಿಗೆ ಕಾಣುತ್ತಿತ್ತು.

ಅಪ್ಪಯ್ಯನದೇ ಒಂದು ಕಥೆ ಇದೆ. ಹಾಲಾಡಿ ಕಡೆಯಿಂದ ಮದುವೆ ದಿಬ್ಬಣ ಕರೆದುಕೊಂಡು ಬರುವಾಗ ಕೇಬಲ್ ಕಡಿದು ಹೋಯಿತಂತೆ. ಕಾರ್ಬೊರೇಟರಿನ ಲಿವರಿಗೆ ಒಂದು ಹುರಿ ಹಗ್ಗ ಕಟ್ಟಿ, ಬಾನೆಟ್ ಸಂದಿಯಿಂದ ಹೊರಗೆ ತಂದು, ಕಿಟಕಿಯೊಳಗೆ ಎಳೆದುಕೊಂಡು, ಪಕ್ಕದಲ್ಲಿ ಕೂತ ಮದುಮಗನ ಕೈಗೆ ಕೊಟ್ಟರಂತೆ. ಅಪ್ಪಯ್ಯ ಗೇರ್ ಹಾಕಿ "ಎಳಿ" ಅಂದಾಗ ಅವನು ಎಳೆಯುವುದು, "ಬಿಡ್" ಅಂದಾಗ ಬಿಡುವುದು. ಮುಹೂರ್ತಕ್ಕೆ ಸರಿಯಾಗಿ ಮುಟ್ಟಿದರು. ಈ ಕಥೆ ನಮ್ಮ ಮನೆಯಲ್ಲಿ ವರ್ಷಕ್ಕೆ ಎರಡು ಸಲ ಬರುತ್ತದೆ.

ಹಾಗಾದರೆ ಇಷ್ಟು ಒಳ್ಳೆಯ ಕೇಬಲನ್ನು ತೆಗೆದದ್ದು ಯಾಕೆ?

1980ರ ದಶಕದ ಕೊನೆಗೆ ಬಿಎಂಡಬ್ಲ್ಯುವಿನ ದುಬಾರಿ 7 ಸರಣಿಯ ಕಾರುಗಳಲ್ಲಿ ಎಲೆಕ್ಟ್ರಾನಿಕ್ ಥ್ರಾಟಲ್ ಬಂತು. ಆ ತಗಡಿಗೆ ಒಂದು ಪುಟ್ಟ ಮೋಟಾರ್ ಕೂರಿಸಿದರು. ಪೆಡಲಿನಲ್ಲಿ ಸೆನ್ಸರ್. ನಡುವೆ ಕಂಪ್ಯೂಟರ್. ಮೊದಲಿಗೆ ಶ್ರೀಮಂತರ ಆಟಿಕೆಯಂತೆ ಇದ್ದದ್ದು ಆಮೇಲೆ ಎಲ್ಲರಿಗೂ ಬೇಕಾಯಿತು. ಟಯರ್ ಜಾರಿದಾಗ ಚಾಲಕ ಒತ್ತುತ್ತಲೇ ಇದ್ದರೂ ಗಾಳಿ ಕಡಿಮೆ ಮಾಡಬಹುದು. ಕ್ರೂಸ್ ಕಂಟ್ರೋಲಿಗೆ, ಐಡ್ಲಿಂಗಿಗೆ ಬೇರೆ ಬೇರೆ ವಾಲ್ವು ಬೇಡ. ಎಲ್ಲಕ್ಕಿಂತ ಮುಖ್ಯವಾಗಿ ಹೊಗೆ. ಚಾಲಕ ದಡಕ್ಕನೆ ತುಳಿದಾಗ ಗಾಳಿ, ಪೆಟ್ರೋಲಿನ ಪ್ರಮಾಣ ಒಂದು ಕ್ಷಣ ಏರುಪೇರಾಗಿ ಕೆಟ್ಟ ಹೊಗೆ ಬರುತ್ತದೆ. ನಡುವೆ ಕಂಪ್ಯೂಟರ್ ಕೂತರೆ ಅದು ಸಾವಕಾಶವಾಗಿ ಬಾಗಿಲು ತೆರೆಯುತ್ತದೆ. ನಮ್ಮ ದೇಶದಲ್ಲಿ 1999ರಲ್ಲಿ ಸುಪ್ರೀಂ ಕೋರ್ಟು ದೆಹಲಿ ಸುತ್ತಮುತ್ತ ಹೊಸ ಕಾರುಗಳಿಗೆ ಯೂರೋ ಮಾನದಂಡ ಕಡ್ಡಾಯ ಮಾಡಿತಲ್ಲ, ಕಾರ್ಬೊರೇಟರಿನ ದಿನ ಮುಗಿದದ್ದು ಆಗ. ಮುಂದೆ ಭಾರತ್ ಸ್ಟೇಜುಗಳು ಒಂದೊಂದಾಗಿ ಬಿಗಿಯಾದ ಹಾಗೆ ಸಣ್ಣ ಕಾರುಗಳಿಂದಲೂ ಕೇಬಲ್ ಮಾಯವಾಗುತ್ತಾ ಬಂತು.

ಆದರೆ ಇದರಲ್ಲಿ ಒಂದು ಹೆದರಿಕೆ ಇದೆ. ಕೇಬಲ್ ಕಡಿದರೆ ಸ್ಪ್ರಿಂಗು ತಗಡನ್ನು ಮುಚ್ಚುತ್ತದೆ, ಗಾಡಿ ನಿಲ್ಲುತ್ತದೆ. ಸೆನ್ಸರ್ ಸುಳ್ಳು ಹೇಳಿದರೆ? ಚಾಲಕ ಕಾಲು ತೆಗೆದಿದ್ದರೂ "ಪೂರ್ತಿ ತುಳಿದಿದ್ದಾನೆ" ಅಂತ ಕಂಪ್ಯೂಟರಿಗೆ ವರದಿ ಹೋದರೆ?

ಇದೇ ಪ್ರಶ್ನೆಯನ್ನು ವಿಮಾನದವರು ಮೊದಲೇ ಎದುರಿಸಿದ್ದರು. ನಾಸಾ 1972ರಲ್ಲಿ ಎಫ್-8 ವಿಮಾನವನ್ನು ಕಂಬಿ, ಕೇಬಲ್ಲುಗಳ ಬದಲು ಡಿಜಿಟಲ್ ಕಂಪ್ಯೂಟರಿನ ಮೂಲಕ ಹಾರಿಸಿತು. ನಮ್ಮಲ್ಲಿ ಇದು ಆದದ್ದು ಬೆಂಗಳೂರಿನಲ್ಲಿ. ತೇಜಸ್ ಯುದ್ಧ ವಿಮಾನದ ಹಾರಾಟ ನಿಯಂತ್ರಣದ ಮೇಲೆ ಎನ್‌ಎಎಲ್, ಎಡಿಇ ಇಂಜಿನಿಯರುಗಳು ಅಮೆರಿಕದವರ ಜೊತೆ ಕೆಲಸ ಮಾಡುತ್ತಿದ್ದಾಗ 1998ರ ಪೋಖ್ರಾನ್ ಸ್ಫೋಟವಾಗಿ, ಅಮೆರಿಕ ದಿಗ್ಬಂಧನ ಹಾಕಿ ಇವರನ್ನು ವಾಪಸು ಕಳಿಸಿತು. ಉಳಿದ ಕೆಲಸವನ್ನು ಇಲ್ಲೇ ಮುಗಿಸಿದರು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೊಥಿಯಾಲ್ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಅದನ್ನು ಮೊದಲ ಸಲ ಹಾರಿಸಿದರು. ಆ ವ್ಯವಸ್ಥೆಯಲ್ಲಿ ಒಂದೇ ವಿಷಯವನ್ನು ನಾಲ್ಕು ಪ್ರತ್ಯೇಕ ದಾರಿಗಳಲ್ಲಿ ಅಳೆಯುತ್ತಾರೆ. ನಾಲ್ವರಲ್ಲಿ ಒಬ್ಬ ಬೇರೆ ಹೇಳಿದರೆ ಉಳಿದ ಮೂವರು ಅವನನ್ನು ಹೊರಗಿಟ್ಟು ಮುಂದೆ ಹೋಗುತ್ತಾರೆ. ಅಪ್ಪಟ ಪಂಚಾಯ್ತಿ.

ಕಾರಿನಲ್ಲಿ ನಾಲ್ಕು ಇಡಲು ದುಡ್ಡು ಬೇಕಲ್ಲ. ಅಲ್ಲಿ ಇರುವುದು ಎರಡು. ಪೆಡಲಿನಲ್ಲಿ ಎರಡು ಸೆನ್ಸರ್, ಥ್ರಾಟಲ್ ತಗಡಿನ ಬಳಿ ಎರಡು. ತುಂಬ ಕಾರುಗಳ ಥ್ರಾಟಲಿನಲ್ಲಿ ಈ ಎರಡನ್ನು ಒಂದಕ್ಕೊಂದು ಉಲ್ಟಾ ಜೋಡಿಸುತ್ತಾರೆ. ತಗಡು ತೆರೆದಂತೆ ಮೊದಲನೆಯದರ ವೋಲ್ಟೇಜು ಏರುತ್ತದೆ, ಎರಡನೆಯದರದ್ದು ಅಷ್ಟೇ ಇಳಿಯುತ್ತದೆ. ಎರಡನ್ನೂ ಕೂಡಿಸಿದರೆ ಯಾವಾಗಲೂ 5 ವೋಲ್ಟ್ ಆಸುಪಾಸು ಬರಬೇಕು. ಬರದಿದ್ದರೆ ಇಬ್ಬರಲ್ಲಿ ಒಬ್ಬ ಸುಳ್ಳು ಹೇಳುತ್ತಿದ್ದಾನೆ.

ಯಾರು? ಅದು ಗೊತ್ತಾಗುವುದಿಲ್ಲ! ವೋಲ್ಟೇಜು ಪೂರ್ತಿ ಸೊನ್ನೆಗೆ ಬಿದ್ದರೆ ಅಥವಾ 5ಕ್ಕೆ ಅಂಟಿಕೊಂಡರೆ ಆ ಸೆನ್ಸರಿನ ಕಡೆಯೇ ತಪ್ಪಿದೆ ಎನ್ನಬಹುದು, ಅದಕ್ಕೆ ಬೇರೆ ಕೋಡುಗಳಿವೆ. ಆದರೆ ಇಬ್ಬರೂ ನಂಬುವಂಥ ಸಂಖ್ಯೆಯನ್ನೇ ಹೇಳಿ, ಲೆಕ್ಕ ಮಾತ್ರ ತಾಳೆಯಾಗದಿದ್ದರೆ ತೀರ್ಪು ಕೊಡಲು ಮೂರನೆಯವನಿಲ್ಲ. ಆಗ ಕಂಪ್ಯೂಟರ್ ಮಾಡುವುದು ಒಂದೇ ಕೆಲಸ. ಮೋಟಾರಿನ ಕರೆಂಟು ತೆಗೆಯುತ್ತದೆ. ಸ್ಪ್ರಿಂಗು ತಗಡನ್ನು ಒಂಚೂರೇ ಚೂರು ತೆರೆದ ಜಾಗಕ್ಕೆ ತಂದು ನಿಲ್ಲಿಸುತ್ತದೆ, ಗಾಡಿ ತೆವಳಿಕೊಂಡಾದರೂ ಮನೆ ಮುಟ್ಟಲಿ ಅಂತ. ಸಾಲಿಗ್ರಾಮದಲ್ಲಿ ನಮಗಾದದ್ದು ಇದೇ. ಮೀನಿನ ಲಾರಿಯವರು ಬೈದುಕೊಂಡದ್ದನ್ನು ನಾನು ಕಾರಿನ ಕೊಬ್ಬು ಅಂದುಕೊಂಡಿದ್ದೆ. ಅದು ಪಾಪ ಎಚ್ಚರಿಕೆ ವಹಿಸಿತ್ತು.

ಪಿ2135ರ ಅರ್ಥವೂ ಇಷ್ಟೇ. ಎ ಮತ್ತು ಬಿ ಎಂಬ ಎರಡು ಸೆನ್ಸರುಗಳ ವೋಲ್ಟೇಜು ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಥ್ರಾಟಲ್ ಬಾಡಿ ಹೋಗಿದೆ ಅಂತ ಅದರಲ್ಲಿ ಎಲ್ಲೂ ಇಲ್ಲ.

ಈ ಕೋಡುಗಳೇ ಹುಟ್ಟಿದ್ದು ರಿಪೇರಿಗಾಗಿ ಅಲ್ಲ. ಲಾಸ್ ಏಂಜಲಿಸಿನ ಹೊಗೆಮಂಜಿಗಾಗಿ. ಹೊಸ ಕಾರು ಶೋರೂಮಿನಲ್ಲಿ ಶುದ್ಧವಾಗಿದ್ದರೆ ಸಾಲದು, ರಸ್ತೆಯಲ್ಲಿ ಕೆಟ್ಟು ಹೊಗೆ ಹೆಚ್ಚಾದಾಗ ತಾನೇ ಹೇಳಬೇಕು ಅಂತ ಕ್ಯಾಲಿಫೋರ್ನಿಯಾ ಸರ್ಕಾರ 1988ರ ಮಾಡೆಲ್ಲುಗಳಿಂದ ನಿಯಮ ತಂತು. ಆಗ ಒಂದೊಂದು ಕಂಪನಿಗೆ ಒಂದೊಂದು ಪ್ಲಗ್ಗು, ಒಂದೊಂದು ಭಾಷೆ. 1996ರಿಂದ ಅಮೆರಿಕದಲ್ಲಿ ಎಲ್ಲ ಹೊಸ ಕಾರುಗಳಿಗೆ ಒಂದೇ 16 ಪಿನ್ನಿನ ಪ್ಲಗ್ಗು, ಒಂದೇ ಕೋಡುಪಟ್ಟಿ ಕಡ್ಡಾಯವಾಯಿತು. ಯುರೋಪಿನ ಪೆಟ್ರೋಲ್ ಕಾರುಗಳಿಗೆ 2001ರಲ್ಲಿ ಬಂತು. ನಮ್ಮಲ್ಲಿ 2010ರ ಏಪ್ರಿಲಿನಲ್ಲಿ ಬಿಎಸ್-4 ಜೊತೆಗೆ ಮೊದಲ ಹಂತ, 2013ರಲ್ಲಿ ಎರಡನೆಯ ಹಂತ. ನಿಮ್ಮ ಕಾರಿನ ಸ್ಟೇರಿಂಗ್ ಕೆಳಗೆ ಬಗ್ಗಿ ನೋಡಿದರೆ ಆ ಪ್ಲಗ್ಗು ಸಿಗುತ್ತದೆ.

ಎರಡು ಸೆನ್ಸರಿನ ನಂಬಿಕೆ ಅಲ್ಲಾಡಿದ್ದು 2009ರಲ್ಲಿ. ಅಮೆರಿಕದಲ್ಲಿ ಟೊಯೋಟಾ ಕಾರುಗಳು ತಾವಾಗಿ ನುಗ್ಗುತ್ತಿವೆ ಎಂಬ ದೂರುಗಳು ಬಂದು, ಲಕ್ಷಗಟ್ಟಲೆ ಕಾರುಗಳನ್ನು ವಾಪಸು ಕರೆಸಬೇಕಾಯಿತು. ನೆಲಹಾಸು ಪೆಡಲಿಗೆ ಸಿಕ್ಕಿಕೊಳ್ಳುವುದು ಒಂದು ಕಾರಣ, ಅಂಟಿಕೊಳ್ಳುವ ಪೆಡಲು ಇನ್ನೊಂದು. ಎಲೆಕ್ಟ್ರಾನಿಕ್ಸೇ ತಪ್ಪಿರಬಹುದಾ ಅಂತ ನೋಡಲು ಸರ್ಕಾರ ನಾಸಾದವರನ್ನೇ ಕರೆಯಿತು. 2011ರ ಫೆಬ್ರವರಿಯ ವರದಿಯಲ್ಲಿ ಅವರು, ಕಾರು ತಾನಾಗಿ ನುಗ್ಗುವಂಥ ಎಲೆಕ್ಟ್ರಾನಿಕ್ ದೋಷ ಸಿಗಲಿಲ್ಲ ಅಂದರು. ಆದರೆ ಒಂದು ಕೆಟ್ಟ ಪೆಡಲ್ ಸೆನ್ಸರನ್ನು ಬಿಚ್ಚಿದಾಗ ಒಳಗೆ ತವರದ ಕೂದಲು ಸಿಕ್ಕಿತ್ತು! ತವರದ ಲೇಪದ ಮೇಲೆ ತಾನಾಗಿ ಬೆಳೆಯುವ, ಕೂದಲಿಗಿಂತಲೂ ತೆಳ್ಳನೆಯ ಎಳೆ. ಅದು ಎರಡು ಸಿಗ್ನಲ್ಲುಗಳ ನಡುವೆ ಸೇತುವೆ ಕಟ್ಟಿತ್ತು. ಬೇರೆ ಬೇರೆ ಇರಬೇಕಾದ ಸಾಕ್ಷಿಗಳು ಒಳಗೊಳಗೇ ಮಾತಾಡಿಕೊಂಡ ಹಾಗೆ. 2013ರಲ್ಲಿ ಓಕ್ಲಹೋಮಾದ ಜ್ಯೂರಿಯೊಂದು ಸಾಫ್ಟ್‌ವೇರ್ ತಜ್ಞರ ಸಾಕ್ಷ್ಯ ಕೇಳಿ ಕಂಪನಿಯ ವಿರುದ್ಧವೇ ತೀರ್ಪು ಕೊಟ್ಟಿತು. ಗ್ರಾಹಕರಿಗೆ ನಿಜ ಹೇಳದಿದ್ದಕ್ಕೆ 2014ರಲ್ಲಿ ಕಂಪನಿ 120 ಕೋಟಿ ಡಾಲರ್ ದಂಡ ಕಟ್ಟಿತು. ಈ ವಾದ ಇನ್ನೂ ಪೂರ್ತಿ ತಣ್ಣಗಾಗಿಲ್ಲ. ನನಗನ್ನಿಸುವುದು, ನಾಸಾದಂಥವರಿಗೇ ತಿಂಗಳುಗಟ್ಟಲೆ ಬೇಕಾದ ಪ್ರಶ್ನೆಗೆ ಸ್ಕ್ಯಾನರ್ ಹಿಡಿದು ಎರಡು ನಿಮಿಷದಲ್ಲಿ ಉತ್ತರ ಹೇಳುವವರ ಧೈರ್ಯ ದೊಡ್ಡದು.

ಇನ್ನೊಂದು ವಿಷಯ. ಪ್ಲಗ್ಗು ಒಂದೇ ಆದರೂ ಬೀಗದ ಕೈ ಕಂಪನಿಗಳ ಹತ್ತಿರವೇ ಇತ್ತು. ರಸ್ತೆ ಬದಿಯ ಗ್ಯಾರೇಜಿಗೆ ಸ್ಕ್ಯಾನರೂ ಸಿಗುತ್ತಿರಲಿಲ್ಲ, ವಯರಿಂಗ್ ನಕ್ಷೆಯೂ ಇಲ್ಲ, ಅಸಲಿ ಬಿಡಿಭಾಗವೂ ಇಲ್ಲ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ ಇದೇ ಕಾರಣಕ್ಕೆ 14 ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿಗಳು ಕೋರ್ಟಿನ ಮೆಟ್ಟಿಲು ಹತ್ತಿದವು, ಅದೊಂದು ದೊಡ್ಡ ಕಥೆ. ಅಷ್ಟರಲ್ಲಿ ಬೇರೊಂದು ಬಾಗಿಲು ತೆರೆದಿತ್ತು. ಕೆನಡಾದ ಒಂದು ಪುಟ್ಟ ಕಂಪನಿ ಮಾಡಿದ ಇಎಲ್‌ಎಂ327 ಎಂಬ ಚಿಪ್ಪನ್ನು ನಕಲು ಮಾಡಿ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಬ್ಲೂಟೂತ್ ಸ್ಕ್ಯಾನರುಗಳು ಎಲ್ಲೆಡೆ ಬಂದವು. ಮೊಬೈಲಿನಲ್ಲೇ ಕೋಡು ಓದಬಹುದು. ಮೂಲ ಕಂಪನಿ 2022ರಲ್ಲಿ ಬಾಗಿಲು ಹಾಕಿತು, ನಕಲುಗಳು ಮಾತ್ರ ಇನ್ನೂ ಮಾರಾಟವಾಗುತ್ತಿವೆ.

ನಮ್ಮೂರಿನ ಗ್ಯಾರೇಜಿನ ಅಣ್ಣನ ಹತ್ತಿರ ಅಂಥದ್ದೊಂದು ಇತ್ತು. ಕಾರ್ಬೊರೇಟರಿನ ಜೆಟ್ಟನ್ನು ಬಾಯಲ್ಲಿ ಊದಿ ಸರಿ ಮಾಡುತ್ತಿದ್ದ ಕಾಲದಿಂದಲೂ ಅವರದ್ದು ಅದೇ ಶೆಡ್ಡು. ನಾಲ್ಕನೇ ದಿನ ಮಳೆ ಸ್ವಲ್ಪ ಬಿಟ್ಟಾಗ ಕಾರನ್ನು ಅಲ್ಲಿಗೆ ತೆವಳಿಸಿಕೊಂಡು ಹೋದೆ. ಕೋಡು ನೋಡಿದರು. ಅದರ ಜೊತೆ ಕಂಪ್ಯೂಟರ್ ಉಳಿಸಿಕೊಂಡಿದ್ದ ಆ ಕ್ಷಣದ ವಿವರವನ್ನೂ ನೋಡಿದರು. ಎಷ್ಟು ವೇಗ, ಇಂಜಿನ್ ಎಷ್ಟು ಬಿಸಿ ಅಂತ. ಆಮೇಲೆ ಹೇಳಿದರು, "ಇದ್ ಕಳ್ಳ ಯಾರ್ ಅಂದ್ ಹೇಳ್ತಿಲ್ಲೆ. ಜಗಳ ಆಯ್ತ್ ಅಂದ್ ಮಾತ್ರ ಹೇಳತ್ತ್." ನಾಲ್ಕು ದಿನ ಓದಿ ನಾನು ತಿಳಿದುಕೊಂಡದ್ದನ್ನು ಅವರು ಒಂದು ಸಾಲಿನಲ್ಲಿ ಮುಗಿಸಿದರು.

ಪ್ಲಗ್ಗನ್ನು ಕಿತ್ತು ನೋಡಿ ಬಿಡಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಕಿತ್ತರೆ ಕೆಟ್ಟದ್ದೂ ತಾತ್ಕಾಲಿಕವಾಗಿ ಸರಿಯಾಗಿ, ಸಾಕ್ಷ್ಯವೇ ನಾಶವಾಗುತ್ತದಂತೆ. ಪ್ಲಗ್ಗು ಹಾಕಿದ ಹಾಗೇ, ಕೀ ಆನ್ ಮಾಡಿ, ಹಿಂದಿನಿಂದ ಹೊಲಿಗೆ ಸೂಜಿ ತೂರಿಸಿ ಮೀಟರ್ ಹಿಡಿದರು. ಥ್ರಾಟಲ್ ಬಾಡಿಗೆ ಹೋಗುವುದು ಆರು ವಯರು. ಎರಡು ಮೋಟಾರಿಗೆ, ಎರಡು ಸಿಗ್ನಲ್, ಒಂದು 5 ವೋಲ್ಟ್, ಒಂದು ಅರ್ತು. ಮೊದಲ ಸಿಗ್ನಲ್ 1.1, ಎರಡನೆಯದು 4.3. ಕೂಡಿಸಿದರೆ 5.4. ಕೈಯಲ್ಲಿ ತಗಡು ತಿರುಗಿಸಿದರೂ ಮೊತ್ತ ಅಷ್ಟೇ. ಸೆನ್ಸರಿನ ಪಟ್ಟಿ ಸವೆದಿದ್ದರೆ ಯಾವುದೋ ಒಂದು ಜಾಗದಲ್ಲಿ ಮಾತ್ರ ಲೆಕ್ಕ ತಪ್ಪಬೇಕಿತ್ತು. ಇಲ್ಲಿ ಎಲ್ಲ ಕಡೆ ಒಂದೇ ಸಮನೆ ತಪ್ಪು. ಇಬ್ಬರೂ ಸಾಕ್ಷಿಗಳು ಜಾಸ್ತಿ ಹೇಳುತ್ತಿದ್ದಾರೆ. ಅಂದರೆ ಇಬ್ಬರೂ ನಿಂತ ನೆಲವೇ ಮೇಲೆದ್ದಿದೆ!

ಅರ್ತಿನ ಪಿನ್ನಿಗೆ ಸೂಜಿ ಹೋಯ್ತು. ಸೊನ್ನೆ ಇರಬೇಕಾದಲ್ಲಿ 0.4 ವೋಲ್ಟ್. ಅದೇ ವಯರಿನ ಮೇಲೆ ನಾಲ್ಕು ಇಂಚು ಆಚೆ ಚುಚ್ಚಿದರೆ ಸೊನ್ನೆ. ವಯರು ಪಿನ್ನಿಗೆ ಕಚ್ಚಿಕೊಂಡ ಜಾಗವನ್ನು ಬಿಚ್ಚಿ ತೋರಿಸಿದರು. ತಾಮ್ರ ಹಸಿರು ಪುಡಿಯಾಗಿ ಕೂತಿತ್ತು. ನಮ್ಮಲ್ಲಿ ಮಳೆಗಾಲದ ರಾತ್ರಿ ಅಂಗಳದಲ್ಲಿ ನಿಂತರೆ ಕಡಲು ಕೂಗುವುದು ಕೇಳುತ್ತದೆ. ಆ ಉಪ್ಪು ಗಾಳಿ ಕಿಟಕಿಯ ಸರಳು, ಹೆಂಚಿನ ಮಾಡಿನ ಮೊಳೆ ಯಾವುದನ್ನೂ ಬಿಟ್ಟಿಲ್ಲ. 34,000 ಕೊಟ್ಟು ಹೊಸ ಥ್ರಾಟಲ್ ಬಾಡಿ ಹಾಕಿದ್ದರೆ ಅದನ್ನೂ ಇದೇ ಪಿನ್ನಿಗೆ ಜೋಡಿಸುತ್ತಿದ್ದರು. ಕಿತ್ತು ಹಾಕಿದ ಗುಣಕ್ಕೆ ಒಂದಷ್ಟು ದಿನ ಓಡಿ, ಆಮೇಲೆ ಮತ್ತೆಲ್ಲೋ ಅಪ್ಪಯ್ಯನ ಸಮೇತ ನಿಲ್ಲುತ್ತಿತ್ತು. ಬ್ರಹ್ಮಾವರದ ಆಚೆ, ರಾತ್ರಿ ಹೊತ್ತಲ್ಲಿ ಆಗಿದ್ದರೆ ಅಂತ ಯೋಚಿಸಿದರೆ ಈಗಲೂ ಎದೆ ಝಲ್ ಅನ್ನುತ್ತದೆ.

ಕೊಳೆತದ್ದನ್ನು ಕತ್ತರಿಸಿ, ಹೊಸ ಪಿನ್ ಹಾಕಿ, ಮೇಲೆ ನೀರು ಇಳಿಯದಂತೆ ಟ್ಯೂಬ್ ಸುಟ್ಟು ಕೂರಿಸಿ, ಗ್ರೀಸ್ ಹಚ್ಚಿದರು. ಮತ್ತೆ ಅಳೆದಾಗ 0.75 ಮತ್ತು 4.25. ಸರಿಯಾಗಿ ಐದು. ಕೋಡು ಅಳಿಸಿ, ತಗಡಿನ ಮುಚ್ಚಿದ ಜಾಗವನ್ನು ಕಂಪ್ಯೂಟರ್ ಹೊಸದಾಗಿ ಕಲಿಯಲಿ ಅಂತ ಕೀ ಆನ್ ಮಾಡಿ ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರು. ಒಟ್ಟು 600 ರೂಪಾಯಿ. ನಾನು ಜಾಸ್ತಿ ಕೊಡಲು ಹೋದರೆ ತಗೊಳ್ಳಲಿಲ್ಲ.

ಮನೆಗೆ ಬಂದು ಅಪ್ಪಯ್ಯನಿಗೆ ಎಲ್ಲ ವಿವರಿಸಿದೆ. ಎರಡು ಸೆನ್ಸರು, ತಾಳೆ, ಅರ್ತು, ನಾಸಾ ಎಲ್ಲ. ಅವರು ಪೂರ್ತಿ ಕೇಳಿ, ಎಲೆ ಅಡಿಕೆ ಪಕ್ಕಕ್ಕಿಟ್ಟು ಹೇಳಿದರು.

"ನಾ ಮೊದ್ಲೇ ಹೇಳ್ಲಿಲ್ಯಾ, ವಯರ್ ಅಂದೇಳಿ?"